ನಾಲ್ಕನೆಯ ಕಾಲು

ಅಲುಗಾಡದೆ ನಿಲ್ಲುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ಗುಣವಲ್ಲ. ಸೀಟಿ ಊದಿ ಕಲಿಸಬೇಕಾದ ವಿದ್ಯೆ. ಹೊಳೆನರಸೀಪುರದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಇಡೀ ಮೈದಾನವನ್ನು ಒಂದೇ ಸೀಟಿಗೆ ಕಲ್ಲಾಗಿಸುತ್ತಿದ್ದೆ. ಕ್ಯಾಮೆರಾ ಹಿಡಿದರೆ ಮಾತ್ರ ನನ್ನ ಕೈಯೇ ನನ್ನ ಮಾತು ಕೇಳುತ್ತಿರಲಿಲ್ಲ. ಹಾಸನದಲ್ಲಿ ಹಳೆಯದೊಂದು ಕ್ಯಾಮೆರಾ ಕೊಂಡು ತೆಗೆದ ಮೊದಲ ಚಿತ್ರದಲ್ಲಿ ದೊಡ್ಡಗದ್ದವಳ್ಳಿಯ ಗುಡಿಗೇ ಚಳಿಜ್ವರ ಬಂದಂತಿತ್ತು. ಹೀಗಾಗಿ ಸ್ಟ್ಯಾಂಡು ಬೇಕಾಯಿತು.

ಬೇಕಾದದ್ದು ಗುಡಿಗಲ್ಲ, ಅಮ್ಮನಿಗೆ. ಅಮ್ಮ ದಿನೇ ದಿನೇ ಸೊರಗುತ್ತಿದ್ದಳು. ಅವಳದೊಂದು ಫೋಟೋವೂ ಮನೆಯಲ್ಲಿರಲಿಲ್ಲ. ಕೇಳಿದರೆ, "ಒಂಟಿ ಪಟ ಯಾಕ್ಲಾ, ಹಾರ ಆಕಾಕಾ? ನಾನಿನ್ನೂ ಬದುಕಿವ್ನಿ ಕಣ್ಲಾ. ನೀನೂ ಸೊಸೇನೂ ಪಕ್ಕದಾಗೆ ನಿಲ್ಲಾದಾದ್ರೆ ತಗಿ" ಎಂದಳು. ನಾನೂ ನಿಂತರೆ ತೆಗೆಯುವವರು ಯಾರು? ಪುಣ್ಯಕ್ಕೆ ಕ್ಯಾಮೆರಾದಲ್ಲಿ ಒಂದು ಸಣ್ಣ ಕೀಲಿತ್ತು. ಎಳೆದು ಬಿಟ್ಟರೆ ಗಿರ್ರೆಂದು ತಿರುಗಿ ತಾನೇ ಚಿತ್ರ ತೆಗೆಯುತ್ತಿತ್ತು. ಅಷ್ಟರಲ್ಲಿ ಓಡಿಹೋಗಿ ನಿಂತುಕೊಳ್ಳಬಹುದು.

ಸ್ಟ್ಯಾಂಡು ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ಅಂಗಡಿಯ ತಗಡಿನ ಸ್ಟ್ಯಾಂಡು ಕ್ಯಾಮೆರಾ ಇಟ್ಟೊಡನೆ ಕುಡಿದವನಂತೆ ಕಾಲು ಅಗಲಿಸಿತು. ಸ್ಟುಡಿಯೋದ ಮರದ ಸ್ಟ್ಯಾಂಡು ಹೊರಲು ಎತ್ತಿನ ಗಾಡಿಯೇ ಬೇಕು. ಕೊನೆಗೆ ಅಚ್ಚುಕಟ್ಟಾಗಿ ನಕ್ಷೆ ಬರೆದು ಬಡಗಿ ನಿಂಗಾಚಾರಿಗೆ ಕೊಟ್ಟೆ. ಹೇಳಿದ ದಿನ ಹೋಗಿ ನೋಡಿದರೆ ಸ್ಟ್ಯಾಂಡಿಗೆ ನಾಲ್ಕು ಕಾಲು!

"ಇದೇನಯ್ಯಾ?" ಎಂದೆ.

"ನಿಮ್ಮ ಅಮ್ಮಾವ್ರು ಬಂದಿದ್ರು ಸಾ. ಮೂರು ಕಾಲಿಂದು ಮನೆಗಾಗಕಿಲ್ಲ, ಇನ್ನೊಂದು ಆಕು ಅಂದ್ರು, ಆಕ್ದೆ. ನಾಲ್ಕು ಕಾಲಿನ ದನವೇ ಬೀಳಾಕಿಲ್ಲ, ಇದು ಬಿದ್ದಾತಾ?"

ದನಕ್ಕೆ ಮಂಡಿಯಿದೆ, ಬಗ್ಗುತ್ತದೆ. ಮೂರು ಕಾಲು ಎಂಥ ನೆಲದಲ್ಲೂ ಊರಿ ನಿಲ್ಲುತ್ತದೆ. ನಾಲ್ಕಾದರೆ ಒಂದು ಸದಾ ಗಾಳಿಯಲ್ಲಿ. ಆದರೆ ಅಮ್ಮ ಹೊಸ್ತಿಲಲ್ಲೇ ಕಾಲು ಎಣಿಸಿ ಸಂತೋಷಪಟ್ಟಳು. ಅವಳ ಸಂತೋಷದ ಒಂದು ಕಾಲನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಟ್ಯಾಂಡು ನಿಲ್ಲಿಸಿ, ಗಾಳಿಯಲ್ಲಿದ್ದ ಕಾಲಿಗೆ ರಟ್ಟು ಮಡಿಸಿ ಕೊಟ್ಟೆ. ಅಮ್ಮ ಕುರ್ಚಿಯಲ್ಲಿ ಕುಳಿತವಳು ಥಟ್ಟನೆ ಎದ್ದಳು. "ಅಯ್ಯೋ, ನಾವೂ ಮೂರೇ ಜನ ಆದ್ವಲ್ಲಾ!" ಮೂವರು ಪ್ರಯಾಣ ಹೊರಟರೆ ಜೊತೆಗೊಂದು ಕಲ್ಲು ಇಟ್ಟುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ನನ್ನ ಹೆಂಡತಿ ಓಡಿಹೋಗಿ ಖಾರ ಅರೆಯುವ ಗುಂಡುಕಲ್ಲು ತಂದು, "ತಗಳಿ ಅತ್ತೆ, ನಾಲ್ಕನೆಯವ್ರು ಬಂದ್ರು" ಎಂದು ಅವಳ ಮಡಿಲಲ್ಲಿಟ್ಟಳು. ಹಲ್ಲು ಬಿದ್ದ ಮೇಲೆ ಸೆರಗು ಅಡ್ಡ ಹಿಡಿದೇ ನಗುತ್ತಿದ್ದ ಅಮ್ಮ, ಕಲ್ಲು ಹಿಡಿದ ಕೈ ಬಿಡಲಾರದೆ, ಅಂದು ಬಾಯ್ತುಂಬ ನಕ್ಕಳು.

ಆ ನಗು ಸಿಕ್ಕಿತೆಂದುಕೊಂಡು ಕೀಲೆಳೆದೆ, ಓಡಿದೆ, ಅಭ್ಯಾಸಬಲದಿಂದ ಬೂಟಿನ ಹಿಮ್ಮಡಿ ಠಪ್ಪೆಂದು ಜೋಡಿಸಿ ನಿಂತೆ. ನೆಲ ಅದುರಿ ರಟ್ಟು ಜಾರಿತು. ಸ್ಟ್ಯಾಂಡು ಅಮ್ಮನಿಗೆ ನಮಸ್ಕರಿಸುವಂತೆ ಮುಂದಕ್ಕೆ ಬಾಗಿ, ಹಾಗೆಯೇ ನಿಂತು, ಕ್ಲಿಕ್ಕೆಂದಿತು. ರೀಲಿನಲ್ಲಿ ಅದೇ ಕೊನೆಯ ಚಿತ್ರ. "ಓಗ್ಲಿ ಬುಡು, ಇನ್ನೊಂದಪ ತಗದೀಯಂತೆ" ಎಂದಳು ಅಮ್ಮ.

ಆ ಇನ್ನೊಂದು ಸಲ ಬರಲಿಲ್ಲ. ಹಾಸನದಿಂದ ಚಿತ್ರ ತೊಳೆದು ಬರುವುದರೊಳಗೆ ಅಮ್ಮ ಹೋಗಿಬಿಟ್ಟಳು.

ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಅಮ್ಮನ ಕೈಯ ನರಗಳೂ ಕಾಣುತ್ತವೆ. ಆ ಎರಡು ಕೈಗಳ ನಡುವೆ ಗುಂಡುಕಲ್ಲು, ಒಂದು ಬದಿಗೆ ಹೆಂಡತಿಯ ಸೀರೆಯ ಅಂಚು, ಇನ್ನೊಂದು ಬದಿಗೆ ಪಾಲಿಶ್ ಮಾಡಿದ ನನ್ನ ಬೂಟುಗಳು. ಮುಖ ಒಂದೂ ಇಲ್ಲ. ಅಮ್ಮನ ನಗು ಚೌಕಟ್ಟಿನ ಆಚೆ, ಗೋಡೆಯ ಮೇಲೆಲ್ಲೋ ಇರಬೇಕು; ನಾನು ನೋಡುವುದು ಅಲ್ಲಿಯೇ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಒಂಟಿ ಪಟವಲ್ಲವಾದ್ದರಿಂದ ಹಾರ ಹಾಕಿಲ್ಲ. ಹೆಂಡತಿ ಮಾತ್ರ ದಿನವೂ ಒಂದು ಹೂವು ಸಿಕ್ಕಿಸುತ್ತಾಳೆ.

ಮೊನ್ನೆ ಹೊಸದಾಗಿ ಬಂದ ಹಾಲಿನ ಕಾಳೇಗೌಡ ಅದನ್ನು ನೋಡಿ ಚೊಂಬು ಕೆಳಗಿಟ್ಟು ಕೈಮುಗಿದ. "ಯಾವ ದೇವ್ರು ಸಾ?"

"ಮನೆದೇವರು ಕಣಯ್ಯ" ಎಂದೆ.

ಅವನು ಇನ್ನಷ್ಟು ಹತ್ತಿರ ಹೋಗಿ ನೋಡಿ ಹಲ್ಲು ಕಡಿದ. "ಅಲ್ಲಾ ಸಾ, ದೇವ್ರ ಪಕ್ಕದಾಗೆ ಬೂಟ್ಸು ಆಕ್ಕಂಡು ನಿಂತವ್ನಲ್ಲ, ಯಾವನ್ ಸಾ ಆ ದರಿದ್ರದವ್ನು?"

ಕೆಳಗೆ ನೋಡಿಕೊಂಡೆ. ಬರಿಗಾಲಿನಲ್ಲಿದ್ದರೂ ಹಿಮ್ಮಡಿ ಜೋಡಿಸಿಯೇ ನಿಂತಿದ್ದೆ.