ಕೊರಳಿಗೆ ಬೀಳದ ಮಾಲೆ

ಎಲ್ಲ ರಗಳೆಗೂ ಮೂಲ ಮುತ್ತುರಾಜನ ಕೊರಳು. ನಲವತ್ತು ದಾಟಿದ್ದರೂ, ಮದುವೆಯ ದಿನವೊಂದು ಬಿಟ್ಟರೆ, ಅದಕ್ಕೆ ಯಾರೂ ಒಂದು ಹೂಮಾಲೆ ಹಾಕಿರಲಿಲ್ಲ.

ಇಳಕಲ್ಲಿನಲ್ಲಿ ಅವನಂಥ ಸೆರಗು ನೇಯುವವರು ಕಡಿಮೆ. ಆದರೆ ನೂಲು ಮಾಲೀಕ ದೇವಪ್ಪನದು, ಸೀರೆ ದೇವಪ್ಪನದು, ಹೆಸರೂ ದೇವಪ್ಪನದು. ಮುತ್ತುರಾಜನ ಪಾಲಿಗೆ ಕೂಲಿ ಮತ್ತು ಬೆನ್ನುನೋವು. ಇದು ಸಾಕೆಂದು ಹೆಂಡತಿ ಮಾಯವ್ವನ ಬೆಂಡೋಲೆ ಮಾರಿ ಸ್ವಂತ ನೂಲು ತಂದು ಒಂದಿಷ್ಟು ಸೀರೆ ನೇಯ್ದಿಟ್ಟಿದ್ದ. ಕೊಳ್ಳುವವರು ಬೇಕಲ್ಲ? ಸೊಲ್ಲಾಪುರದ ಸಾವುಕಾರನೊಬ್ಬ ಫೋನಿನಲ್ಲಿ ಹೇಳಿದ್ದ: "ನಾಳಿ ಬಾಗಲಕೋಟ್ಯಾಗ ಇರ್ತೇನಿ. ಮಧ್ಯಾಹ್ನ ನಿಮ್ಮ ವೆಬ್‌ಸೈಟ್ ನೋಡ್ತೇನಿ. ಮೊದಲನೇ ಪುಟ ಮನಸಿಗೆ ಬಂದ್ರ ಸಂಜಿಕ ನಿಮ್ಮ ಮನಿಗೇ ಬರ್ತೇನಿ, ವರ್ಷದ ಆರ್ಡರ್ ನಿಮಗ."

ಮರುದಿನ ಮುಂಜಾನೆಯೇ ಮುತ್ತುರಾಜ ಅಯೂಬನ ಸೈಬರ್ ಅಂಗಡಿಯಲ್ಲಿ ಕೂತ.

"ಹೋಮ್ ಪೇಜ್ ಅಂದ್ರ ಅಂಗಡಿ ಬಾಗಲಾ ಇದ್ದಂಗ ಮುತ್ತಣ್ಣ," ಎಂದ ಅಯೂಬ. "ನೋಡಿದಾಂವ ಅಲ್ಲೇ ನಿಂದರಬೇಕು."

ನಿಲ್ಲಿಸುವುದು ಹೇಗೆಂದು ಹೇಳಲು ಓಣಿಯೇ ಬಂತು. ಪಕ್ಕದ ಚಹಾದಂಗಡಿಯ ಸುಭಾನಸಾಬ "ಅಕ್ಷರ ಕುಣೀಬೇಕು" ಎಂದ. ಕುಣಿಸಿದರು. ಇನ್ಯಾರೋ ಮುತ್ತುರಾಜನ ಫೋಟೊದ ಎರಡೂ ಕಡೆ ದೀಪ ಉರಿಯಲಿ ಎಂದರು. ಉರಿಸಿದರು. ಕೊನೆಗೆ ಬಂದವನು ದೇವಪ್ಪ. ಕೂಲಿಯವನು ಕೈಬಿಟ್ಟು ಹೋಗುತ್ತಾನೆಂಬ ಸಿಟ್ಟನ್ನು ನುಂಗಿಕೊಂಡು ನಕ್ಕ.

"ಫೋಟೊ ಭಾಳ ಬೋಳು ಕಾಣ್ತೈತಿ. ಒಂದು ಮಾಲಿ ಹಾಕ್ಸಲೇ. ಸನ್ಮಾನ ಆದಾಂವ ಅಂದ್ರ ತೂಕ ಬ್ಯಾರೆ."

ಮುತ್ತುರಾಜನಿಗೆ ಆಸೆಯಾಯಿತು. ಕೊರಳು ಸವರಿಕೊಂಡು, "ಹಾಕೇ ಬಿಡು ಅಯೂಬ" ಎಂದ.

ಕಂಪ್ಯೂಟರಿನಲ್ಲಿ ಒಂದು ಚೆಂಡುಹೂವಿನ ಮಾಲೆ ಇತ್ತು. ಎಷ್ಟು ಎಳೆದರೂ ಅದು ಚಿತ್ರದ ಕೊರಳಿಗೆ ಕೂರಲಿಲ್ಲ. ಕರೆಂಟು ಹೋಗುವ ಹೊತ್ತಾಯಿತೆಂದು ಎಲ್ಲರೂ ಅವಸರ ಮಾಡಿದರು. ಅಯೂಬ ಮಾಲೆಯನ್ನು ಫೋಟೊದ ಚೌಕಟ್ಟಿನ ಮೇಲೆಯೇ ಇಳಿಬಿಟ್ಟು ಗುಂಡಿ ಒತ್ತಿದ. "ಮುತ್ತಣ್ಣ, ಇದು ಯಾಕೋ..." ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಏನೇ ಇರಲಿ, ಪುಟ ಊರು ದಾಟಿ ಹೋಗಿತ್ತು.

ಮುತ್ತುರಾಜ ಖುಷಿಯಿಂದ ಮನೆಗೆ ಬಂದು ಒಳಕೋಣೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತ. ಸಾವುಕಾರ ಬರುವಾಗ ಲಾಳಿಯ ಸದ್ದು ಕೇಳಿಸಲಿ ಎಂಬುದು ಅವನ ಲೆಕ್ಕಾಚಾರ.

ಸಂಜೆ ಕಾರು ನಿಂತಿತು. ಸಾವುಕಾರನ ಕೈಯಲ್ಲಿ ದಪ್ಪನೆಯ ಮಾಲೆ. ದಾರಿ ತೋರಿಸಲು ಬಂದ ದೇವಪ್ಪನ ಮುಖ ಮೊಳದುದ್ದ ಇಳಿದಿತ್ತು. ಪಡಸಾಲೆಯ ಮಾತು ಒಳಕ್ಕೆ ಕೇಳುತ್ತಿತ್ತು.

"ನಿನ್ನಿ ಫೋನಿನ್ಯಾಗ ಮಾತಾಡಿದ್ರು ತಂಗಿ, ಇವತ್ತ ನೋಡಿದ್ರ ಫೋಟೊಕ್ಕ ಮಾಲಿ, ಎರಡೂ ಕಡೆ ದೀಪ! ಎದಿ ಝಲ್ ಅಂತು."

"ಅಲ್ರೀ, ಅವ್ರು..." ಎಂದಳು ಮಾಯವ್ವ.

"ಏನೂ ಹೇಳಬ್ಯಾಡ. ಮನ್ಯಾಗಿನ ಸೀರಿ ಎಲ್ಲಾ ನಾ ಒಯ್ತೇನಿ. ನೀ ಹೇಳೂದಕ್ಕಿಂತ ಹೆಚ್ಚು ಕೊಡ್ತೇನಿ."

ಮಾಯವ್ವನ ಕೈ ತನ್ನ ಖಾಲಿ ಕಿವಿಗೆ ಹೋಯಿತು. ಬಾಯಿ ಮುಚ್ಚಿತು. ಹಣೆಯ ಕುಂಕುಮ ಕಾಣದಂತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಅಳತೊಡಗಿದಳು. ಒಂದು ತಾಸು ಸತ್ತರೆ ಬೆಂಡೋಲೆ ವಾಪಸು ಬರುವುದಾದರೆ ಸಾಯಲು ಅಡ್ಡಿಯೇನು ಎಂದುಕೊಂಡ ಮುತ್ತುರಾಜ, ಸದ್ದಿಲ್ಲದೆ ಜಾರಿ ಮಗ್ಗದ ಕುಣಿಯೊಳಗೆ ಮುದುಡಿ ಕೂತ.

ಸಾವುಕಾರ ಸೆರಗು ಬಿಡಿಸಿ ನೋಡಿದ. "ಎಂಥಾ ಕೈ! ವರ್ಷದ ಆರ್ಡರ್ ಇವರಿಗೇ ಅಂತ ಮುಂಗಡಾನೂ ತಂದಿದ್ದೆ. ಇನ್ನ ಯಾರಿಗಿ ಕೊಡ್ಲಿ?"

ದೇವಪ್ಪ ಕೆಮ್ಮಿ ಕಣ್ಣೊರೆಸಿಕೊಂಡ. "ಅಂವ ನನಗ ತಮ್ಮ ಇದ್ದಂಗ ಇದ್ದ ರೀ. ಚಿಂತಿ ಮಾಡಬ್ಯಾಡ್ರಿ. ಥೇಟ್ ಅಂಥಾದ್ದ ಕೈ ನನ್ನ ಕಡೆ ಇನ್ನೊಂದೈತಿ."

ಕುಣಿಯಲ್ಲಿದ್ದವನ ರಕ್ತ ಕುದಿಯಿತು. ಆ ಕೈ ಯಾರದೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಎದ್ದು ಕೂಗಿಬಿಡಬೇಕೆಂದು ಮಗ್ಗದ ಕಟ್ಟಿಗೆ ಹಿಡಿದ. ಆದರೆ ಸೀರೆಗಳು ಆಗಲೇ ಕಾರಿಗೆ ಹೋಗುತ್ತಿದ್ದವು. ಈಗ ಎದ್ದರೆ ಸೀರೆಯೂ ಹೋಗಿ ಮೋಸಗಾರನೆಂಬ ಹೆಸರೂ ಬರುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಕೂತ. ಹೊರಗೆ ಸೀರೆಯ ದುಡ್ಡು ಮಾಯವ್ವನ ಕೈ ಸೇರಿತು, ಮುಂಗಡ ದೇವಪ್ಪನ ಕಿಸೆ ಸೇರಿತು.

"ಆ ಪುಟ ತಗೀಬ್ಯಾಡ್ರಿ," ಎಂದ ಸಾವುಕಾರ ಹೊರಡುವಾಗ. "ತಿಂಗಳಿಗೊಮ್ಮೆ ಬಂದಾಗ ಮಾತಾಡ್ಸಿ ಹೋಗ್ತೇನಿ ತಂಗಿ." ಮಾಲೆ ಹಾಕಲು ಗೋಡೆಯ ಮೇಲೆ ಫೋಟೊ ಕಾಣದೆ ಅದನ್ನು ಹೊಸ್ತಿಲ ಮೇಲಿಟ್ಟು ಕಾರು ಹತ್ತಿದ.

ಕಾರಿನ ಸದ್ದು ದೂರವಾದ ಮೇಲೆ ದೇವಪ್ಪ ಒಳಗೆ ಬಂದ.

"ಮ್ಯಾಲೇಳಲೇ ಮುತ್ತಾ. ನಾಳಿ ನೂಲು ಕಳಸ್ತೇನಿ. ಕೂಲಿ ಮೊದಲಿನಷ್ಟ. ಸಾವುಕಾರ ಬಂದಾಗಷ್ಟ ಕುಣ್ಯಾಗ ಇಳದು ಕೂಡು."

ಮುತ್ತುರಾಜ ಜೋಮು ಹಿಡಿದ ಕಾಲೂರಿ ಎದ್ದು ನಿಂತ. ದೇವಪ್ಪ ಹೊಸ್ತಿಲ ಮೇಲಿನ ಮಾಲೆ ಎತ್ತಿಕೊಂಡು ಬಂದು ಮೂಸಿ ನೋಡಿದ.

"ಖರೇ ಹೂವು. ಯಾಕ ಕೆಡಸೂದು?" ಎಂದು ಮುತ್ತುರಾಜನ ಕೊರಳಿಗೇ ಹಾಕಿದ.