ದೊಡ್ಡ ಪಟ್ಟಿಗೆ ಬೆಟಗೇರಿ ಸರ್ವರ್ ಕೂಡಿದ್ದು

ಬರ್ರಿ, ಕಾಲು ಚಾಚಿ ಆರಾಮ ಕುಂಡ್ರಿ, ಹೇಳ್ತೀನಿ ಕೇಳ್ರಿ. ನಾನು ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಆದ್ರ ಬೆಟಗೇರಿಯ ಬೀಜದ ಕಂಪನಿ ಆಫೀಸಿನ್ಯಾಗ ಚಾ ಮಾಡ್ಕೋತ, ಕಂಪ್ಯೂಟರ್ ಮುಂದ ಕುಂತ ಮಂದಿದು ದಿನಾ ಒಂದಿಲ್ಲೊಂದು ಮಜಾ ನೋಡೇನಿ.

ನಮ್ಮ ಕಂಪನೀನ ದೂರದ ಒಂದು ದೊಡ್ಡ ಕಂಪನಿ ಕೊಂಡಿತು. ಎಲ್ಲಾರ ಹೆಸರು, ಪಾಸ್‌ವರ್ಡು ಇನ್ನ ಮ್ಯಾಲೆ ಅವರ ಒಂದ ದೊಡ್ಡ ಪಟ್ಟಿಯೊಳಗ ಇರಬೇಕು, ಆ ಪಟ್ಟಿ ಹೂಂ ಅಂದ್ರನ ಯಾರನ್ನೂ ಒಳಗ ಬಿಡೂದು ಅಂತ ಹುಕುಂ ಬಂತು. ನಮ್ಮ ಸರ್ವರು, ಅಂದ್ರ ಎಲ್ಲಾ ಶಾಖೆಯ ಲೆಕ್ಕಾ ಇಡೂ ಕಂಪ್ಯೂಟರ್ ಪೆಟ್ಟಿಗಿ, ಅದನ್ನ ನೋಡ್ಕೊಳ್ಳೂ ಹಿರೇಹಂದಿಗೋಳದ ಮೇಡಂ ಸ್ವಂತ ಕೈಯಾರೆ ಕಟ್ಟಿದ್ದು.

"ಅದರೊಳಗಿನ ಸಾಫ್ಟ್‌ವೇರ್ ಯಾರದವಾ?" ಅಂತ ಕೇಳಿದೆ.

"ಯಾರದೂ ಅಲ್ಲ ಆಯಿ, ಊರ ಬಾವಿ ಇದ್ದಂಗ. ಯಾರ ಬೇಕಾದ್ರೂ ನೀರು ಸೇದಬಹುದು, ಯಾರ ಬೇಕಾದ್ರೂ ಹೂಳ ತೆಗೀಬಹುದು."

"ಆ ದೊಡ್ಡವರ ಪಟ್ಟಿ?"

"ಅದು ಮಂದಿ ಮನಿ ನಳ. ಕೀಲಿ ಅವರ ಕೈಯಾಗ. ಶುಕ್ರವಾರದೊಳಗ ಎರಡೂ ಕೂಡಿಸಬೇಕು, ಇಲ್ಲಂದ್ರ ನಮ್ಮ ಸರ್ವರ್ ಬಂದ್. ಅದು ಹೋದ್ರ ನನ್ನ ನೌಕರೀನೂ ಹೋತು."

ಲಕ್ಷ್ಮೇಶ್ವರದ ಮೂರು ತುಂಡು

ಹೊಸ ಪಾಸ್‌ವರ್ಡ್ ಉದ್ದ ಇರಬೇಕು, ಎಲ್ಲೂ ಬರದಿಡಬಾರದು ಅಂತ ನಿಯಮ. ನಮ್ಮ ಲಕ್ಷ್ಮೇಶ್ವರ ಶಾಖೆಯ ಗುಮಾಸ್ತರಿಗೆ ಮರವು ಭಾಳ. ಅವರು ಅದನ್ನ ಮೂರು ತುಂಡು ಮಾಡಿ, ಒಂದನ್ನ ತಾವು ಇಟಗೊಂಡು, ಒಂದನ್ನ ಚೀಲಾ ತೂಗಾವಗ, ಇನ್ನೊಂದನ್ನ ಶಿಗ್ಲಿಯಿಂದ ಬರೂ ಆಫೀಸಿನ ಸಿಪಾಯಿಗೆ ಬಾಯಿಪಾಠ ಮಾಡಿಸಿಬಿಟ್ರು.

ಮಂಗಳವಾರ ಹನ್ನೊಂದಾದ್ರೂ ಅಲ್ಲಿ ಕಂಪ್ಯೂಟರ್ ತೆರೀಲಿಲ್ಲ. ಮೇಡಂ ಫೋನ್ ಹಚ್ಚಿದ್ರು.

"ಯಾಕ್ರಿ, ಇನ್ನೂ ಒಳಗ ಹೋಗಿಲ್ಲ?"

"ಎರಡು ತುಂಡು ಹೊಡದು ಕುಂತೇವ್ರಿ ಮೇಡಂ. ಕಡೀದು ಶಿಗ್ಲಿ ಬಸ್ಸಿನ್ಯಾಗ ಬರಾಕತ್ತೈತಿ."

"ಸಿಪಾಯಿಗೆ ಫೋನ್ ಮಾಡಿ ಕೇಳ್ರಿ."

"ಕೇಳಿದ್ವಿರಿ. ಬಸ್ಸಿನ ತುಂಬ ಮಂದಿ ಅದಾರ, ಗುಟ್ಟಿನ ಮಾತು ಹೆಂಗ ಹೇಳ್ಲಿ ಅಂತಾನ."

ಶಿರಹಟ್ಟಿಯ ಬೀಗರು

ಪಟ್ಟಿಯೊಳಗ ಪ್ರತಿ ಹೆಸರಿನ ಮುಂದ 'ನಿಮ್ಮ ಮೇಲಧಿಕಾರಿ ಯಾರು' ಅಂತ ತುಂಬಬೇಕಿತ್ತು. ಶಿರಹಟ್ಟಿ ಶಾಖೆಯೊಳಗ ಇರೂರು ಇಬ್ಬರ, ಅವರೂ ಬೀಗರು. ಹೆಣ್ಣು ಕೊಟ್ಟವರು ಹೆಣ್ಣು ತಂದವರ ಹೆಸರು ಬರದ್ರು. ಹೆಣ್ಣು ತಂದವರು, "ಮಗಳನ್ನ ಕೊಟ್ಟವರಿಗಿಂತ ದೊಡ್ಡವರ್ಯಾರ್ರಿ?" ಅಂತ ಅವರ ಹೆಸರ ಬರದ್ರು.

ಒಬ್ಬರು ಹಾಕಿದ ರಜಾ ಅರ್ಜಿ ಇವರಿಂದ ಅವರಿಗೆ, ಅವರಿಂದ ಇವರಿಗೆ ಎರಡು ದಿನ ತಿರುಗಿತು. ಕಡೀಕ ಮೇಡಂ, ಇಬ್ಬರ ಮ್ಯಾಲೂ ನಮ್ಮ ಬೆಟಗೇರಿ ಆಫೀಸಿನ ಸಾಹೇಬರ ಹೆಸರು ಹಾಕಿದ್ರು. ಇಬ್ಬರೂ ಕೂಡೇ ಫೋನ್ ಮಾಡಿದ್ರು: "ನಮ್ಮ ಬೀಗರಿಗಿಂತ ಅವರು ಹೆಂಗ ದೊಡ್ಡವರಾದ್ರು?"

ಹನ್ನೆರಡು ಮಿನಿಟು

ಹೆಸರೆಲ್ಲಾ ಏರಿದ್ವು, ಸರ್ವರ್ ಮಾತ್ರ ಕೂಡವಲ್ದು. ಶುಕ್ರವಾರ ಬಂದ ಬಿಟ್ಟಿತು. ಮೇಡಂ ಚಾ ಕುಡೀದ ಹಣಿ ಹಿಡಕೊಂಡು ಕುಂತಿದ್ರು.

"ಏನಂತೈತವಾ ಅದು?"

"ಎರಡೂ ಕಡೆ ಗಡಿಯಾರ ಹೊಂದಬೇಕು ಆಯಿ. ಐದು ಮಿನಿಟಿಗಿಂತ ಹೆಚ್ಚು ಫರಕ ಇದ್ರ ನಮ್ಮನ್ನ ಕಳ್ಳರಂತ ತಿಳೀತೈತಿ. ಸಂಜಿಕ ಸರಿ ಮಾಡಿ ಹೋಗ್ತೀನಿ, ಮುಂಜಾನೆ ನೋಡಿದ್ರ ಹನ್ನೆರಡು ಮಿನಿಟ್ ಮುಂದ ಇರತೈತಿ. ಪೆಟ್ಟಿಗೀನ ಕೆಟ್ಟಿರಬೇಕು."

"ಹಂಗಾದ್ರ ನಮ್ಮ ಸಾಹೇಬ್ರು ದಿನಾ ಮುಂಜಾನೆ ಅದರ ಮುಂದ ಕುಂತು ಏನ ಮಾಡ್ತಾರ?"

ಮೇಡಂ ಎದ್ದು ಸಾಹೇಬರ ಕಡೆ ಓಡಿದ್ರು. ಸಾಹೇಬ್ರು ನಕ್ಕು ಹೇಳಿದ್ರು: "ನಿಮ್ಮ ಸರ್ವರ್ ರಾತ್ರಿಯೊಳಗ ಹಿಂದ ಬೀಳತೈತ್ರಿ. ನೀವು ಒಮ್ಮೆ ಕಲಿಸಿದ್ರಲ್ಲ, ಹಂಗ ದಿನಾ ಗೋಡಿ ಗಡಿಯಾರಕ್ಕ ಹೊಂದಿಸಿ ಇಡ್ತೀನಿ. ನಿಮಗ್ಯಾಕ ತ್ರಾಸು ಅಂತ ಹೇಳಿಲ್ಲ."

ಆ ಗೋಡಿ ಗಡಿಯಾರಾನ ಹನ್ನೆರಡು ಮಿನಿಟ್ ಮುಂದ ಇಟ್ಟವರೂ ಅವರ, ಮುಂಡರಗಿಯಿಂದ ಬಂದು ಹೋಗೂ ಮಂದಿಗೆ ಸಂಜಿ ಬಸ್ ಸಿಗಲಿ ಅಂತ.

"ಸರ್ವರಿಗೆ ಖರೇ ಟೈಮ್ ಬೇಕ್ರಿ," ಅಂದ್ರು ಮೇಡಂ.

"ಬಸ್ ತಪ್ಪತೈತಲ್ರಿ."

"ಬಸ್ ತಪ್ಪಿದ್ರ ಇನ್ನೊಂದು ಬರತೈತಿ. ನನ್ನ ನೌಕರಿ ತಪ್ಪಿದ್ರ?"

ಸಾಹೇಬ್ರು ಕುರ್ಚಿ ಎಳಕೊಂಡು ಸರ್ವರಿನ ಬಾಜೂಕ ಕುಂತು, ಯಾರೂ ಕೈ ಹಚ್ಚದಂಗ ತಾವ ಕಾವಲು ಕಾದ್ರು. ಮೇಡಂ ಟೈಮು ತಿದ್ದಿ ಮತ್ತೊಮ್ಮೆ ಕೇಳಿದ್ರು. ಪಟ್ಟಿ ಹೂಂ ಅಂತು. ಸಂಜಿಕ ಮುಂಡರಗಿ ಮಂದಿ, ಈಗ ಹನ್ನೆರಡು ಮಿನಿಟ್ ಹಿಂದಾದ ಕಂಪ್ಯೂಟರಿನ ಟೈಮ್ ನೋಡಿ, "ಇನ್ನೂ ಹೊತ್ತೈತಿ" ಅಂತ ಇನ್ನೊಂದೊಂದು ಚಾ ಕುಡದ್ರು, ಬಸ್ ಹೋಗೇ ಬಿಟ್ಟಿತು.

ಈಗ ಯಾರ್ಯಾರು ಏನಾದ್ರು ಅಂದ್ರ, ಮೇಡಂ ಅದ ಕುರ್ಚಿ ಮ್ಯಾಲೆ ಗಟ್ಟಿ ಕುಂತಾರ, ಕೈಕೆಳಗ ಇನ್ನೊಬ್ಬಾಕಿ ಬಂದಾಳ. ಶಿಗ್ಲಿ ಸಿಪಾಯಿಗೆ ಗದಗಿಗೆ ವರ್ಗ ಆತು, ತನ್ನ ತುಂಡು ಯಾರಿಗೆ ಕೊಟ್ಟು ಬಂದಾನಂತ ಕೇಳಿದ್ರ ಇವತ್ತಿಗೂ ಹೇಳೂದಿಲ್ಲ. ಶಿರಹಟ್ಟಿ ಬೀಗರಿಗೆ ಮೊಮ್ಮಗಳು ಹುಟ್ಟ್ಯಾಳ, ಈಗ ಇಬ್ಬರಿಗೂ ಆಕೀನ ಮೇಲಧಿಕಾರಿ. ನಮ್ಮ ಸಾಹೇಬ್ರು ನಿವೃತ್ತರಾದ್ರು. ಅವತ್ತು ಸರಿಯಾಗಿ ಐದೂವರಿಗೆ ದೊಡ್ಡ ಪಟ್ಟಿ ಅವರ ಹೆಸರು ಅಳಿಸಬೇಕಿತ್ತು. ಖರೇ ಟೈಮ್ ಐದು ಹೊಡದು ಇಪ್ಪತ್ತು ಮಿನಿಟ್ ಆಗಿತ್ತು, ಸಾಹೇಬ್ರು ಚೀಲಾ ಹೆಗಲಿಗೆ ಹಾಕ್ಕೊಂಡು ಹೊಂಟೇ ಬಿಟ್ರು.

"ಇನ್ನೂ ನಿಮ್ಮ ಹೆಸರು ಪಟ್ಟಿಯೊಳಗ ಐತ್ರಿ," ಅಂದ್ರು ಮೇಡಂ.

"ಅದು ತಡಾ ಮಾಡತೈತ್ರಿ. ನಾ ರಿಟಾಯರ್ ಆಗಿ ಎರಡು ಮಿನಿಟ್ ಆತು," ಅಂದ್ರು, ಗೋಡಿ ಗಡಿಯಾರ ನೋಡಿ.