ಬಸ್ ಗ್ರೂಪಿನ ಹೆಬ್ಬೆಟ್ಟು

ನಾ ಅರಕೇರಾದವ, ಕವಿತಾಳದ ಸಾಲ್ಯಾಗ ಗುತ್ತಿಗಿ ಮಾಸ್ತರ. ನಮ್ಮ ಕಡೆ ಬಸ್ಸು ಬಂದ್ರೂ ಒಂದು ಸುದ್ದಿ, ಬರದಿದ್ರೂ ಒಂದು ಸುದ್ದಿ. ಅದಕ್ಕ ಮೊಬೈಲಿನಾಗ ಒಂದು ಗ್ರೂಪ್ ಮಾಡೀವಿ. ಬಸ್ಸು ಕಂಡವರು ಎಲ್ಲಿ ಅದ ಅಂತ ಹಾಕಬೇಕು, ಪುಕ್ಕಟೆ ಸೇವಾ. ಪುಕ್ಕಟೆ ಯಾಕ ಹಾಕ್ತಾರ ಅಂತ ನಾ ಕೇಳಲಿಲ್ಲ ನೋಡ್ರಿ, ಅದರಾಗ ಒಮ್ಮೆ ನನ್ನ ನೌಕರಿಗೇ ಕುತ್ತು ಬಂದಿತ್ತು.

ಲೇಟ್ ಬಸ್ಸು

ಕವಿತಾಳದ ಸ್ಟ್ಯಾಂಡಿನ ಮುಂದಿನ ಚಹಾದಂಗಡಿಯವ ದಿನಾ ಸಂಜಿಕ "ಬಸ್ಸು ಅರ್ಧ ತಾಸು ಲೇಟ್" ಅಂತ ಹಾಕ್ತಿದ್ದ. ನಾವು ಅವನ ಅಂಗಡ್ಯಾಗ ಮಿರ್ಚಿ ತಿನಕೋತ ಕುಂದರ್ತಿದ್ವಿ. ಒಂದಿನ ಮಿರ್ಚಿ ಬಾಯಾಗ ಇದ್ದಾಗ್ಲೇ ಬಸ್ಸು ಕಣ್ಣ ಮುಂದ ಹೋತು. ಓಡಿದೆ. ಖಾರ ನೆತ್ತಿಗೇರಿತು, ಬಸ್ಸು ಸಿಗಲಿಲ್ಲ. ಬಂದು ಬಾಯಿಗೆ ಬಂದಂಗ ಬೈದೆ.

"ಸರ, ಸುದ್ದಿ ಪುಕ್ಕಟೆ ಬೇಕು ಅಂತೀರಿ," ಅಂದ ಅವ. "ಮ್ಯಾಲೆ ಖರೇನೂ ಇರಬೇಕೇನು?"

ಅತ್ತಿ ಬಸ್ಸು

ಮಾನ್ವಿಯ ಒಬ್ಬ ಹೆಣ್ಣಮಗಳು ಒಂದಿನ ರಾಯಚೂರು ಬಸ್ಸಿನ ಸುದ್ದಿ ಭಾಳ ಚಂದ ಹಾಕಾಕತ್ತಿದ್ಲು. ಬಸ್ಸು ಬಂತು, ಕಿಟಕಿ ಸೀಟು ಖಾಲಿ ಅದ, ಡ್ರೈವರ್ ಚಹಾ ಕುಡದ. ಇಂಥಾಕಿಗೆ ಸನ್ಮಾನ ಮಾಡಬೇಕಂತ ಫೋನ್ ಹಚ್ಚಿದೆ. "ಸಮಾಜಸೇವಾ ಅಂದ್ರ ನಿಮ್ಮದ್ರೀ ಯವ್ವಾ!"

"ಎಲ್ಲಿ ಸಮಾಜ ತಂದ್ರಿ? ನಮ್ಮತ್ತಿ ಗ್ರೂಪ್ ನೋಡಕೋತ ರಾಯಚೂರಿಗೆ ಮಗಳ ಮನಿಗೆ ಹೊಂಟಾರ. ಇದು ತಪ್ಪಿದ್ರ ಮತ್ತ ತಿಂಗಳು ಹೊಂಡಂಗಿಲ್ಲ!"

ಹೆಬ್ಬೆಟ್ಟು

ಖರೆ ಸುದ್ದಿ ಹಾಕವರು ಒಬ್ಬರೇ, ದೇವದುರ್ಗದ ರಿಟೈರ್ಡ್ ಹೆಡ್ಮಾಸ್ತರು. ದಿನಾ ಮುಂಜಾನೆ ಸ್ಟ್ಯಾಂಡಿನಾಗ ಕುಂದರ್ತಾರ, ಎಲ್ಲಿಗೂ ಹೋಗಂಗಿಲ್ಲ. ಅವರ ಸುದ್ದಿ ಕೆಳಗ ಎಲ್ಲಾರೂ ಹೆಬ್ಬೆಟ್ಟಿನ ಚಿತ್ರ ಒತ್ತಬೇಕು, ಅಷ್ಟ. ಲೆಕ್ಕ ಹಿಡೀತಿದ್ರು.

ನನಗ ಪರ್ಮನೆಂಟ್ ನೌಕರಿ ಬಂತು. ಹನ್ನೊಂದರೊಳಗ ರಾಯಚೂರಿನ ಕಚೇರ್ಯಾಗ ಕಾಗದ ಕೊಡಬೇಕು, ಇಲ್ಲಂದ್ರ ಪಟ್ಟಿಯಾಗಿನ ಮುಂದಿನವಗ. ಎಂಟಕ್ಕ ದೇವದುರ್ಗ ಬಿಟ್ಟ ಬಸ್ಸು ಎಂಟೂವರಿಗೆ ಅರಕೇರಾಕ ಬರಬೇಕು. ಎಂಟೂ ಹತ್ತಾತು. ಕ್ಯಾನ್ಸಲ್ ಆಗಿದ್ರ ಎದುರಿಗೆ ನಿಂತ ಟಂಟಂ ಆಟೋನೇ ಗತಿ. ಗ್ರೂಪಿನಾಗ ಹೆಡ್ಮಾಸ್ತರ ಸುದ್ದೀನೇ ಇಲ್ಲ. ಫೋನ್ ಹಚ್ಚಿದೆ.

"ಬಸ್ಸು ಬಿಟ್ಟದೇನ್ರಿ ಸರ?"

"ನಿನ್ನೆ ಮೂರ ಹೆಬ್ಬೆಟ್ಟು ಬಂದಾವ. ಮೂರು! ಯಾರ ಸಲುವಾಗಿ ಹೇಳಲಿ?" ಫೋನ್ ಇಟ್ಟುಬಿಟ್ರು.

ಟಂಟಂನವ ಹಾರ್ನ್ ಹೊಡಿಯಾಕತ್ತಿದ್ದ. ಗ್ರೂಪಿನಾಗ ಹಾಕಿದೆ: "ಕೈ ಮುಗೀತೀನಿ, ಎಲ್ಲಾರೂ ಮಾಸ್ತರಿಗೆ ಹೆಬ್ಬೆಟ್ಟು ಒತ್ರಿ, ನನ್ನ ನೌಕರಿ ಉಳಸ್ರಿ!" ದಬದಬ ಹೆಬ್ಬೆಟ್ಟು ಬೀಳಾಕತ್ತಿದ್ವು. ಅಷ್ಟರಾಗ ಟಂಟಂ ಹೋತು. ಆಮ್ಯಾಲೆ ಮಾಸ್ತರು ಬರದ್ರು: "ಬಸ್ಸು ಸರಿಯಾಗಿ ಎಂಟಕ್ಕ ಬಿಟ್ಟದ."

ಎಂಟೂವರಿ ದಾಟಿತು, ಬಸ್ಸಿಲ್ಲ. ಬಿಟ್ಟದ್ದು ಎಲ್ಲಿ ಹೋತು? ನನಗ ಅಳೂನೇ ಬಂತು. ಒಂಬತ್ತಕ್ಕ ಬಸ್ಸು ಬಂತು ನೋಡ್ರಿ! ಹನ್ನೊಂದಕ್ಕ ಎರಡು ನಿಮಿಷ ಇದ್ದಾಗ ಕಚೇರಿ ಮೆಟ್ಟಲ ಹತ್ತಿದೆ, ನೌಕರಿ ಉಳೀತು. ಆದ್ರ ಬಸ್ ಹತ್ತಿದಾಗ "ಎಲ್ಲಿ ಸತ್ತಿದ್ರಿಲೇ!" ಅಂತ ಚೀರಿದ್ದಕ್ಕ ಕಂಡಕ್ಟರ್ ಹೆಮ್ಮಿಲೆ ಅಂದಿದ್ದ:

"ನಾವೂ ಗ್ರೂಪಿನಾಗ ಅದೀವಲ್ರಿ, ಅರ್ಧ ಹಾದ್ಯಾಗ ನಿಮ್ಮ ಮೆಸೇಜ್ ನೋಡಿದ್ವಿ ಸರ. ಒತ್ತೂದ್ರಾಗ ಟವರ್ ಹೋತು. ಬಸ್ ರಿವರ್ಸ್ ತಗೊಂಡು, ಟವರ್ ಸಿಕ್ಕಲ್ಲಿ ನಿಂದ್ರಿಸಿ, ಒಳಗಿನ ಮಂದೀ ಕಡಿಂದೆಲ್ಲಾ ಹೆಬ್ಬೆಟ್ಟು ಒತ್ತಿಸಿ ಬಂದ್ವಿ. ನಿಮ್ಮ ನೌಕರಿ ಉಳೀಬೇಕಲ್ರಿ!"